ಮಡಚಿದ ಬೆರಳು

ನಮ್ಮ ದೊಡ್ಡವ್ವನ ಬಲಗೈಯ ತೋರುಬೆರಳು ನಡುಗೆಣ್ಣಿನಲ್ಲಿ ಒಳಕ್ಕೆ ಮಡಚಿಕೊಂಡೇ ಇರುತ್ತಿತ್ತು. ಗೆಣ್ಣಿನ ಮೇಲಿನ ಚರ್ಮ ಒರಟಾಗಿ, ಉಗುರಿನ ಸುತ್ತ ವೀಳ್ಯದೆಲೆಯ ಕಪ್ಪುಹಸಿರು ಬಣ್ಣ ಎಷ್ಟು ತಿಕ್ಕಿದರೂ ಹೋಗದಂತೆ ಕೂತಿತ್ತು. ಯಾವುದನ್ನಾದರೂ ತೋರಿಸಬೇಕಾದಾಗ ಅವಳು ಆ ಗೆಣ್ಣನ್ನು ಮುಂದೆ ಮಾಡಿ, ಬಾಗಿಲು ಬಡಿಯುವವರ ಹಾಗೆ ಗಾಳಿಯಲ್ಲಿ ಒಮ್ಮೆ ಕುಟ್ಟುತ್ತಿದ್ದಳು. ಅದು ಯಾವ ಕಡೆಗೆ ಕುಟ್ಟಿತು ಎಂದು ತಿಳಿಯುವುದು ನೋಡುವವರ ಅದೃಷ್ಟಕ್ಕೆ ಬಿಟ್ಟದ್ದು.

ಚಿಕ್ಕವಳಿದ್ದಾಗ ನಾನು ಅದನ್ನು ಹುಟ್ಟಿನಿಂದ ಬಂದ ಸೊಟ್ಟ ಎಂದೇ ತಿಳಿದಿದ್ದೆ. ಒಂದು ದಿನ ಅವಳು ರೊಟ್ಟಿ ಬಡಿಯುವಾಗ ಐದೂ ಬೆರಳು ನೆಟ್ಟಗೆ ಹರಡಿದ್ದನ್ನು ಕಂಡು ಗಾಬರಿಯಾಗಿ, ದೊಡ್ಡವ್ವನ ಬೆರಳು ವಾಸಿಯಾಯಿತು ಎಂದು ಮನೆಯವರನ್ನೆಲ್ಲ ಕರೆದಿದ್ದೆನಂತೆ. ವಾಸಿಯಾಗಲು ಬೆರಳಿಗೆ ಏನೂ ಆಗಿರಲಿಲ್ಲ. ಅವಳೇ ಅದನ್ನು ಚಾಚುತ್ತಿರಲಿಲ್ಲ.

ಅವಳು ನನ್ನ ಅವ್ವನ ಅಕ್ಕ. ಹಾನಗಲ್ಲಿನಲ್ಲಿ ಹುಟ್ಟಿ, ಸವಣೂರಿನಲ್ಲಿ ವೀಳ್ಯದೆಲೆ ತೋಟ ಮಾಡುವವರ ಮನೆಗೆ ಸೊಸೆಯಾಗಿ ಹೋದವಳು. ದೊಡ್ಡಪ್ಪ ಬೇಗ ತೀರಿಕೊಂಡ. ಮಕ್ಕಳಿರಲಿಲ್ಲ. ತೋಟವನ್ನು ಅವಳೇ ನೋಡಿಕೊಂಡಳು, ಅದೂ ಊರಿನ ಗಂಡಸರು ಬಂದು ಸಲಹೆ ಕೇಳುವಷ್ಟು ಚೆನ್ನಾಗಿ. ಎಲೆತೋಟದೊಳಗೆ ಚಪ್ಪಲಿ ಹಾಕುವಂತಿಲ್ಲ, ಸ್ನಾನ ಮಾಡದೆ ಕಾಲಿಡುವಂತಿಲ್ಲ. ಅದರ ಜೊತೆಗೆ ಬೆರಳಿನದೂ ಒಂದು ಕಟ್ಟಳೆ.

"ಬೆಳಿಯೂ ಜೀವಕ್ಕ ಬಟ್ಟ ಮಾಡಿ ತೋರಸಬಾರದು" ಎನ್ನುತ್ತಿದ್ದಳು. ಬಟ್ಟು ಎಂದರೆ ನಮ್ಮ ಕಡೆ ಬೆರಳು. ಹೀಚುಗಾಯಿಗೆ ಬೆರಳು ಮಾಡಿದರೆ ಉದುರುತ್ತದೆ ಎಂದು ಎಷ್ಟೋ ಮನೆಗಳಲ್ಲಿ ಹೇಳುತ್ತಾರೆ. ದೊಡ್ಡವ್ವ ಅದನ್ನು ಹೀಚುಗಾಯಿಗಷ್ಟೇ ಬಿಡಲಿಲ್ಲ. ಚಿಗುರು, ಬಳ್ಳಿ, ಕರು, ಕೂಸು, ಶಾಲೆಗೆ ಹೋಗುವ ಹುಡುಗರು, ಎಲ್ಲಕ್ಕೂ ಗೆಣ್ಣೇ. ಸವಣೂರಿನ ಮಠದ ಹತ್ತಿರ ಹತ್ತು ಮಂದಿ ಕೈಕೈ ಹಿಡಿದು ನಿಂತರೂ ಸುತ್ತು ಮುಗಿಯದ ದೊಡ್ಡಹುಣಸೆ ಮರಗಳಿವೆ. ಅಷ್ಟು ದೊಡ್ಡದಕ್ಕೆ ನಿನ್ನ ಬೆರಳು ಏನು ಮಾಡೀತು ಎಂದು ನಾನು ಕೇಳಿದರೆ, ಅದರಲ್ಲೂ ಚಿಗುರು ಬರುತ್ತದಲ್ಲ ಎಂದಳು. ಹೀಗೆ ರೂಢಿ ಎಷ್ಟು ಬಲಿತಿತ್ತೆಂದರೆ ಕಲ್ಲಿಗೂ ಗೋಡೆಗೂ ಬೆರಳು ಚಾಚುತ್ತಿರಲಿಲ್ಲ. ಒಮ್ಮೆ ಬಸ್ ನಿಲ್ದಾಣದಲ್ಲಿ ಯಾರೋ ಶಿಗ್ಗಾವಿ ಬಸ್ಸು ಯಾವುದು ಎಂದು ಕೇಳಿದರು. ದೊಡ್ಡವ್ವ ಗೆಣ್ಣು ಕುಟ್ಟಿದಳು. ಅವರು ಸಾಮಾನು ಸಮೇತ ಹಾನಗಲ್ಲಿನ ಬಸ್ಸು ಹತ್ತಿ ಹೋಗಿಯೇಬಿಟ್ಟರು.

ಈ ಕಟ್ಟಳೆ ಅವಳಿಗೆ ಎಲ್ಲಿಂದ ಬಂತು ಎಂಬುದೂ ನನಗೆ ಸರಿಯಾಗಿ ಗೊತ್ತಿಲ್ಲ. ಹಾನಗಲ್ಲಿನಲ್ಲಿ ಚಿಕ್ಕಂದಿನಲ್ಲಿ ಹೀರೆಬಳ್ಳಿಗೆ ಬೆರಳು ಮಾಡಿ ಅಜ್ಜಿಯಿಂದ ಸೌಟಿನ ಏಟು ತಿಂದಳು, ಅಂದಿನಿಂದ ಹೀಗೆ ಎಂದು ಅವ್ವ ಹೇಳುತ್ತಾಳೆ. ದೊಡ್ಡವ್ವನನ್ನು ಕೇಳಿದರೆ ಬೇರೆಯೇ ಕತೆ. ಮದುವೆಯಾಗಿ ಬಂದ ಹೊಸದರಲ್ಲಿ ತೋಟದಲ್ಲಿ ನಿಂತು ಒಂದು ಕುಡಿಯನ್ನು ತೋರಿಸಿದಳಂತೆ. "ನಮ್ಮತ್ತಿ ಬೈಲಿಲ್ಲವ್ವಾ. ಬಂದು ನನ್ನ ಬಟ್ಟ ಹಿಡದ ಮೆಲ್ಲಕ ಮಡಚಿದ್ಲು, ಅಷ್ಟ." ಇಬ್ಬರಲ್ಲಿ ಯಾರು ಹೇಳಿದ್ದು ನಿಜವೋ ಏನೋ.

ನಾನು ಹಿರೇಕೆರೂರಿನಲ್ಲಿ ಅಂಚೆ ಕಚೇರಿಯ ಕೌಂಟರಿನಲ್ಲಿ ಕೂರುವವಳು. ವಿಳಾಸ ಅರ್ಧಂಬರ್ಧ ಇದ್ದರೆ ನನಗೆ ಸಿಟ್ಟು ಬರುತ್ತದೆ. ನನ್ನ ಗಂಡನದು ಬೀಜ, ಗೊಬ್ಬರದ ಅಂಗಡಿ. ಯಾವ ರೋಗಕ್ಕೆ ಯಾವ ಔಷಧಿ ಎಂದು ಚೀಟಿ ಬರೆದು ಕೊಡುವ ಮನುಷ್ಯ. ನಮ್ಮಿಬ್ಬರಿಗೂ ದೊಡ್ಡವ್ವನ ಬೆರಳು ತಮಾಷೆಯ ವಸ್ತುವಾಗಿತ್ತು. ಮಕ್ಕಳಿಗೆ ಹಾಗಿರಲಿಲ್ಲ. ಅವರು ಅವಳನ್ನು ಆಯಿ ಎಂದು ಕರೆಯುತ್ತಿದ್ದರು, ಸವಣೂರಿಗೆ ಹೋದರೆ ಅವಳ ಸೆರಗು ಬಿಡುತ್ತಿರಲಿಲ್ಲ.

ಐದು ವರ್ಷದ ಹಿಂದಿನ ಸಂಕ್ರಾಂತಿ. ಆ ಹಬ್ಬಕ್ಕೆ ನಮ್ಮ ಕಡೆ ಬುತ್ತಿ ಕಟ್ಟಿಕೊಂಡು ಊರಾಚೆ ಹೋಗಿ ಉಣ್ಣುವುದು ರೂಢಿ. ಮಗನಿಗೆ ಆಗ ಹತ್ತು. ಇಪ್ಪತ್ತು ಗಿಡಗಳ ಎಲೆ ಅಂಟಿಸಿ, ಹೆಸರು ಬರೆದು ತರಲು ಶಾಲೆಯಲ್ಲಿ ಹೇಳಿದ್ದರು. ಮಗಳಿಗೆ ಆರು, ಮುಂದಿನ ಹಾಲುಹಲ್ಲು ಎರಡು ಬಿದ್ದಿದ್ದವು. ಬಂಕಾಪುರದ ಕೋಟೆಗೆ ಹೋಗೋಣ, ನವಿಲೂ ನೋಡಿದಂತಾಯಿತು, ಎಲೆಯೂ ಸಿಕ್ಕಾವು ಎಂದು ಗಂಡ ಹೇಳಿದ. ದಾರಿಯಲ್ಲಿ ಸವಣೂರಿನಿಂದ ದೊಡ್ಡವ್ವನನ್ನು ಕಾರಿಗೆ ಹತ್ತಿಸಿಕೊಂಡೆವು. ಅವಳ ಕೈಯಲ್ಲಿ ಖಾರದ ಪೊಟ್ಟಣ, ಸಜ್ಜೆ ರೊಟ್ಟಿಯ ಗಂಟು ಎರಡೂ ಇದ್ದವು.

ಅವಳು ಮಕ್ಕಳಿಗೆ ಗಿಡ ಪರಿಚಯಿಸುವ ರೀತಿ ನಮ್ಮಂತಲ್ಲ. ಮೊದಲು ಹೆಸರು ಹೇಳುತ್ತಿರಲಿಲ್ಲ. "ಇದನ್ನ ಯಾರ ತಿಂತಾರ?" ಎಂದು ಕೇಳುತ್ತಿದ್ದಳು. ಎಕ್ಕೆಯ ಎಲೆ ತಿರುವಿ ಅದರ ಹಿಂದೆ ಕೂತ ಪಟ್ಟೆಪಟ್ಟೆಯ ಹುಳ ಹುಡುಕಿಸಿದಳು, ಅದು ಚಿಟ್ಟೆಯಾಗುತ್ತದೆ ಎಂದಳು. ಬಾರೆಹಣ್ಣು ನರಿಗೂ ಇಷ್ಟ, ಹಕ್ಕಿಗೂ ಇಷ್ಟ, ನಿಮ್ಮವ್ವನಿಗಂತೂ ಬಲು ಇಷ್ಟ ಎಂದಳು. ಮಗನ ಚಡ್ಡಿಗೆ ಉತ್ತರಾಣಿಯ ಬೀಜ ಅಂಟಿಕೊಂಡಾಗ, ಇದು ತಿನ್ನಿಸಿಕೊಳ್ಳುವುದಿಲ್ಲ, ಪುಕ್ಕಟೆ ಸವಾರಿ ಮಾಡುತ್ತದೆ ಎಂದು ನಗಿಸಿದಳು. ನವಿಲು ಗರಿ ಬಿಚ್ಚಲಿಲ್ಲ ಎಂದು ಮಗಳು ಮುಖ ಊದಿಸಿಕೊಂಡಾಗ, ಮಳೆಗಾಲ ಮುಗಿದ ಮೇಲೆ ಗರಿ ಉದುರಿವೆ, ಈಗ ಹೊಸವು ಬೆಳೆಯುತ್ತಿವೆ, ಬೆಳೆಯುವವರನ್ನು ಕುಣಿ ಎಂದು ಕಾಡಬಾರದು ಎಂದು ಸಮಾಧಾನ ಮಾಡಿದಳು.

ನನ್ನ ಗಂಡ ಫೋನು ಹಿಡಿದು ಫೋಟೋ ತೆಗೆದು ಅದರಲ್ಲಿ ಹೆಸರು ನೋಡುತ್ತಿದ್ದ. ಒಂದೇ ಲಕ್ಕಿ ಗಿಡಕ್ಕೆ ಅದು ಮೂರು ಸಲ ಮೂರು ಹೆಸರು ಹೇಳಿತು. ದೊಡ್ಡವ್ವ ಎಲೆಯನ್ನು ತಿಕ್ಕಿ ಅವನ ಮೂಗಿಗೆ ಹಿಡಿದಳು. "ಅಳಿಯಾರ, ನಿಮ್ಮ ಫೋನಿಗೆ ಕಣ್ಣ ಅದಾವು, ಮೂಗಿಲ್ಲ ನೋಡ್ರಿ" ಎಂದಳು. ಅವನು ಸೋಲೊಪ್ಪಿಕೊಂಡು ಫೋನು ಕಿಸೆಗೆ ಹಾಕಿದ.

ಕಂದಕದ ಹೊರಗಿನ ಬಯಲಿನಲ್ಲಿ ಊಟಕ್ಕೆ ಕೂತೆವು. ದೊಡ್ಡವ್ವನ ಮೊಣಕಾಲು ನೋಯುತ್ತಿದ್ದವು, ಒಂದು ಕಲ್ಲಿನ ಮೇಲೆ ಕೂತುಬಿಟ್ಟಳು. ಹತ್ತು ಹೆಜ್ಜೆ ಆಚೆ ಒಂದು ಮುಳ್ಳಿನ ಪೊದೆ. ಅದರ ಮೇಲೆ ಎರಡು ಬಳ್ಳಿಗಳು ಒಂದರೊಳಗೊಂದು ಹೆಣೆದುಕೊಂಡಿದ್ದವು. ಒಂದು ಕಾಡುತೊಂಡೆ, ಹಣ್ಣಾಗಿ ಕೆಂಪಗಿತ್ತು. ಇನ್ನೊಂದು ಗುಲಗಂಜಿ, ಕಾಯಿ ಒಡೆದು ಒಳಗಿನ ಕೆಂಪು ಬೀಜಗಳು ಕಾಣುತ್ತಿದ್ದವು. ಮಕ್ಕಳು ಆ ಕಡೆ ಓಡಿದರು. "ಹುಡುಗರ ಕೂಡ ನೀನೂ ಒಂಚೂರ ಹೋಗ" ಎಂದು ದೊಡ್ಡವ್ವ ನನಗೆ ಹೇಳಿದಳು. ನಾನು ಬುತ್ತಿ ಬಿಚ್ಚುತ್ತಿದ್ದೆ, ಕಿವಿಗೆ ಫೋನಿತ್ತು, ಆ ತುದಿಯಲ್ಲಿ ಹಾನಗಲ್ಲಿನಿಂದ ಅವ್ವ ಹಬ್ಬದ ಅಡುಗೆಯ ವರದಿ ಕೊಡುತ್ತಿದ್ದಳು. ಇಲ್ಲಿಂದಲೇ ತೋರಿಸು, ಅವರಿಗೇನು ಕಣ್ಣಿಲ್ಲವೇ ಎಂದೆ.

ದೊಡ್ಡವ್ವ ಕೂತಲ್ಲಿಂದಲೇ ತೋರಿಸಿದಳು. "ಅಲ್ಲೆ ಕೆಂಪಂದ ಐತಿ ನೋಡ್ರಿ, ಅದನ್ನ ಗಿಣಿ ತಿಂತಾವು, ನಾವೂ ತಿನ್ನಬೌದು. ಅದರ ಬಾಜೂಕಿನ ಕೆಂಪಂದನ್ನ ಯಾರೂ ತಿನ್ನಂಗಿಲ್ಲ. ಅದು ವಿಷ." ಗೆಣ್ಣು ಗಾಳಿಯಲ್ಲಿ ಒಮ್ಮೆ ಕುಟ್ಟಿತು, ಸ್ವಲ್ಪ ಪಕ್ಕಕ್ಕೆ ಸರಿದು ಇನ್ನೊಮ್ಮೆ ಕುಟ್ಟಿತು. ಮಗ ತಲೆಯಾಡಿಸಿ ಬರೆದುಕೊಂಡ.

ರೊಟ್ಟಿಗೆ ಚಟ್ನಿ ಹಚ್ಚುವಷ್ಟರಲ್ಲಿ ಮಗಳು ಬಂದು ಮುಷ್ಟಿ ಬಿಚ್ಚಿದಳು. ಅಂಗೈಯಲ್ಲಿ ಗುಲಗಂಜಿ ಬೀಜಗಳು. "ಗಿಣಿ ತಿನ್ನೂದನ್ನ ತಿಂದೆ. ರುಚಿನ ಇಲ್ಲ" ಎಂದಳು.

ಎಷ್ಟು ತಿಂದೆ ಎಂದರೆ ನಾಲ್ಕು ಬೆರಳು ತೋರಿಸಿದಳು. ಇನ್ನೊಮ್ಮೆ ಕೇಳಿದಾಗ ಮೂರು. ಮತ್ತೆ ಕೇಳಿದಾಗ ನಾಲ್ಕು. ಮಗನ ಪುಸ್ತಕ ಕಸಿದು ನೋಡಿದೆ. ದುಂಡನೆಯ ಅಕ್ಷರದಲ್ಲಿ, ತೊಂಡೆಯ ಎಲೆಯ ಪಕ್ಕ ವಿಷ ಎಂದೂ, ಗುಲಗಂಜಿಯ ಎಲೆಯ ಪಕ್ಕ ಗಿಣಿ ತಿನ್ನುತ್ತದೆ ಎಂದೂ ಬರೆದಿತ್ತು.

ಬುತ್ತಿಯನ್ನು ಅಲ್ಲೇ ಬಿಟ್ಟು ಶಿಗ್ಗಾವಿಯ ದವಾಖಾನೆಗೆ ಓಡಿದೆವು. ಅಗಿದು ನುಂಗಿದ್ದರೆ ಅಪಾಯ, ಇಡಿಯಾಗಿ ನುಂಗಿದ್ದರೆ ಹಾಗೆಯೇ ಹೊರಗೆ ಬರಬಹುದು ಎಂದರು ಡಾಕ್ಟರು. ಅಗಿದೆಯಾ ಎಂದು ಕೇಳಿದರೆ ಮಗಳು ಹೂಂ ಎಂದಳು, ನುಂಗಿದೆಯಾ ಎಂದರೂ ಹೂಂ ಎಂದಳು. ಹೆದರಿದ ಮಗು ಯಾವುದಕ್ಕೆ ಊಹೂಂ ಎಂದೀತು? ಯಾವುದನ್ನು ನಂಬುವುದು ಎಂದು ನಮಗ್ಯಾರಿಗೂ ತಿಳಿಯಲಿಲ್ಲ. ಔಷಧಿ ಕುಡಿಸಿ, ಸಲೈನ್ ಹಚ್ಚಿ ಮಲಗಿಸಿದರು.

ಹೊರಗಿನ ಬೆಂಚಿನ ಮೇಲೆ ದೊಡ್ಡವ್ವ ಕೂತಿದ್ದಳು. ನಾನು ಹೋಗಿ ಅವಳ ಮುಂದೆ ನಿಂತೆ. "ಒಂದ ಬೆರಳ ನೆಟ್ಟಗ ಮಾಡಿದ್ರ ನಿನ್ನ ಗಂಟೇನ ಹೋಗ್ತಿತ್ತು? ನಿನಗ ಬಳ್ಳಿ ದೊಡ್ಡದಾತು, ನನ್ನ ಮಗಳಲ್ಲ." ಅಲ್ಲಿದ್ದವರೆಲ್ಲ ತಿರುಗಿ ನೋಡುವಷ್ಟು ಗಟ್ಟಿಯಾಗಿಯೇ ಅಂದೆ.

"ತಪ್ಪಾತವ್ವಾ" ಎಂದಳು. ನೀನೂ ಹೋಗು ಎಂದು ನಿನಗೆ ಹೇಳಿದ್ದೆನಲ್ಲ ಎಂಬ ಮಾತು ಆವತ್ತೂ ಆಡಲಿಲ್ಲ, ಆಮೇಲೂ ಆಡಲಿಲ್ಲ.

ಮರುದಿನ ಮಧ್ಯಾಹ್ನ ಮಗಳನ್ನು ಕಳಿಸಿಕೊಟ್ಟರು. ವಾಂತಿ ಆದರೆ, ರಕ್ತ ಕಂಡರೆ ಕೂಡಲೇ ಕರೆತನ್ನಿ ಎಂದರು. ದೊಡ್ಡವ್ವ ಸವಣೂರಿಗೆ ಹೋಗದೆ, ನಾನು ಕರೆಯದಿದ್ದರೂ, ನಮ್ಮ ಜೊತೆ ಹಿರೇಕೆರೂರಿಗೆ ಬಂದಳು. ಎರಡು ದಿನ ಮಗಳು ಹೊರಕಡೆಗೆ ಹೋದಾಗಲೆಲ್ಲ ಅವಳೇ ಜೊತೆಗೆ ಹೋದಳು. ಹಿತ್ತಲಿನಲ್ಲಿ ಕೂತು, ನೀರು ಹಾಕಿ ಹಾಕಿ, ಕಡ್ಡಿಯಿಂದ ಕೆದಕಿ ನೋಡಿದಳು. ನಾನು ತಾಯಿ, ನನಗೆ ಅದು ಆಗಲಿಲ್ಲ, ಮೂಗು ಮುಚ್ಚಿಕೊಂಡು ಬಾಗಿಲಲ್ಲಿ ನಿಂತಿದ್ದೆ. ಎರಡನೆಯ ದಿನ ಅವಳು ತೊಳೆದ ಬೀಜಗಳನ್ನು ಒಂದು ಎಲೆಯ ಮೇಲಿಟ್ಟುಕೊಂಡು ಬಂದಳು. ಮೂರು. ಒಂದರ ಸಿಪ್ಪೆಯೂ ಒಡೆದಿರಲಿಲ್ಲ.

ನಾಲ್ಕನೆಯದು ಸಿಗಲೇ ಇಲ್ಲ. ಇತ್ತೋ ಇಲ್ಲವೋ ಅದೂ ಗೊತ್ತಿಲ್ಲ. ಮಗಳಿಗೆ ಏನೂ ಆಗಲಿಲ್ಲ, ವಾರದೊಳಗೆ ಅಣ್ಣನ ಜೊತೆ ಜಗಳಕ್ಕೂ ತಯಾರಾದಳು. ಆದರೆ ಗುಲಗಂಜಿ ಎಂದರೆ ಇವತ್ತಿಗೂ ನನ್ನ ತಲೆ ಆ ನಾಲ್ಕನೆಯ ಬೀಜವನ್ನೇ ಹುಡುಕುತ್ತದೆ.

ಅದಾದ ಮೇಲೆ ಐದು ತಿಂಗಳು ನಾನು ಮಕ್ಕಳನ್ನು ಸವಣೂರಿಗೆ ಕಳಿಸಲಿಲ್ಲ. ಕಾರಹುಣ್ಣಿಮೆಯ ಹೊತ್ತಿಗೆ ಮಗನ ಹಟ ತಡೆಯಲಾರದೆ ಕರೆದುಕೊಂಡು ಹೋದೆ. ಎಲೆತೋಟದ ಬಗ್ಗೆ ಬರೆಯಬೇಕು ಎಂದು ಅವನು ಹೊಸ ಪುಸ್ತಕ ತಂದಿದ್ದ. ತೋಟದೊಳಗೆ ನಾನು ಮಕ್ಕಳನ್ನು ಬಿಡಲಿಲ್ಲ. ಇಬ್ಬರ ಕೈಯನ್ನೂ ಹಿಡಿದು ಬದುವಿನ ಮೇಲೇ ನಿಂತೆ. "ಇಲ್ಲಿಂದನ ತೋರ್ಸ. ಸರಿಯಾಗಿ ತೋರ್ಸ" ಎಂದೆ. ನನ್ನ ದನಿಯಲ್ಲಿ ಏನಿತ್ತು ಎಂದು ನೆನೆಸಿಕೊಂಡರೆ ನಾಚಿಕೆಯಾಗುತ್ತದೆ.

ದೊಡ್ಡವ್ವ ನನ್ನ ಮುಖ ನೋಡಿದಳು. ಬಳ್ಳಿಗಳ ಕಡೆ ನೋಡಿದಳು. ಕೈಯನ್ನು ಸೆರಗಿಗೆ ಒರೆಸಿಕೊಂಡು, ಆ ಬೆರಳನ್ನು ಬಿಚ್ಚಿದಳು. ಎಷ್ಟೋ ವರ್ಷ ತೆಗೆಯದ ಕಿಟಕಿಯ ಬಾಗಿಲಿನ ಹಾಗೆ ಅದು ಸ್ವಲ್ಪಸ್ವಲ್ಪವಾಗಿ ನೆಟ್ಟಗಾಯಿತು. ನುಗ್ಗೆ, ಚೊಗಚೆ ಗಿಡಗಳಿಗೆ ಹಬ್ಬಿಸಿದ ಎಳೆಬಳ್ಳಿಗಳ ಮೊದಲೆರಡು ಸಾಲು ನಮ್ಮ ಎದುರಿಗಿದ್ದವು. "ಇದು ಈ ವರ್ಷ ಹಚ್ಚಿದ್ದು. ಇದರ ಕುಡಿ ಹಿಂಗ ಮ್ಯಾಲ ಕಟ್ಟಬೇಕು. ಇದು ಅದರ ಬಾಜೂಕಿಂದು" ಎಂದು ಒಂದೊಂದೇ ಬಳ್ಳಿಗೆ ಬೆರಳು ಚಾಚಿ ತೋರಿಸುತ್ತ ಹೋದಳು. ಮಗ ಸರಸರ ಬರೆದುಕೊಂಡ, ಒಂದೂ ತಪ್ಪಲಿಲ್ಲ. ಅಂತೂ ಮುದುಕಿ ದಾರಿಗೆ ಬಂದಳು ಎಂದು ನಾನು ಒಳಗೊಳಗೇ ಗೆದ್ದೆ.

ಶ್ರಾವಣದಲ್ಲಿ ಸವಣೂರಿನಿಂದ ಫೋನು ಬಂತು. ಆ ಎರಡು ಸಾಲು ಬಾಡಿ ನೆಲಕ್ಕೆ ಬಿದ್ದಿದ್ದವು. ನನ್ನ ಗಂಡ ಹೋಗಿ ಬುಡ ಕೆದರಿ, ಬೇರು ಮೂಸಿ, ನೀರು ನಿಂತು ಬೇರು ಕೊಳೆತಿದೆ, ಇದು ಮಳೆಗಾಲದ ರೋಗ, ಅಕ್ಕಪಕ್ಕದ ತೋಟಗಳಲ್ಲೂ ಅಲ್ಲಲ್ಲಿ ಬಂದಿದೆ ಎಂದು ಔಷಧಿ ಕೊಟ್ಟು ಬಂದ. ಅವನು ಹೇಳಿದ್ದು ಸರಿ ಎಂದು ನನಗೂ ಗೊತ್ತು. ಬದುವಿನ ಪಕ್ಕದ ಸಾಲಿನಲ್ಲೇ ನೀರು ನಿಲ್ಲುವುದು ಸಹಜ. ಆದರೂ ಬಾಡಿದ್ದು ಆ ಎರಡೇ ಸಾಲು, ಮೂರನೆಯದರಲ್ಲಿ ಒಂದು ಎಲೆಯೂ ಹಳದಿಯಾಗಿರಲಿಲ್ಲ. ಇದನ್ನು ಹೇಗೆ ತೆಗೆದುಕೊಳ್ಳಬೇಕೋ ಗೊತ್ತಾಗದೆ ಎಷ್ಟೋ ದಿನ ತಲೆ ಕೆಡಿಸಿಕೊಂಡೆ.

ಕೊನೆಗೆ ಅವಳನ್ನೇ ಕೇಳಿದೆ, ಬೆರಳು ಮಾಡಿದ್ದಕ್ಕೆ ಹೀಗಾಯಿತು ಅನ್ನುತ್ತೀಯಾ ಎಂದು. ಅವಳು ನಕ್ಕಳು. ಹುಚ್ಚಿ, ಈ ಸಲ ಮಳೆ ಜಾಸ್ತಿ ಎಂದು ಮಾತು ತಿರುಗಿಸಿದಳು. ನನಗೆ ಎದೆ ಹಗುರವಾಯಿತು. ಅವಳು ಆ ನಂಬಿಕೆ ಬಿಟ್ಟಿದ್ದಾಳೆ ಎಂದು ತೀರ್ಮಾನಿಸಿದೆ. ಮಕ್ಕಳಿಗೆ ಅವಳು ಆಮೇಲೆಲ್ಲ ಬೆರಳು ನೆಟ್ಟಗೆ ಮಾಡಿಯೇ ತೋರಿಸಿದಳು, ನನ್ನ ತೀರ್ಮಾನಕ್ಕೆ ಅದೂ ಒಂದು ಸಾಕ್ಷಿಯಾಯಿತು.

ಹೋದ ಚಳಿಗಾಲದಲ್ಲಿ ಅವಳಿಗೆ ಉಸಿರಾಟದ ತೊಂದರೆಯಾಗಿ ಹುಬ್ಬಳ್ಳಿಗೆ ಸೇರಿಸಿದೆವು. ಮಂಚದ ಕಾಲಬದಿಯಲ್ಲಿ ಮಕ್ಕಳಿಬ್ಬರೂ ನಿಂತಿದ್ದರು. ಉಸಿರು ನೋಡಲೆಂದು ನರ್ಸು ಅವಳ ತೋರುಬೆರಳಿಗೆ ಒಂದು ಕ್ಲಿಪ್ಪು ಸಿಕ್ಕಿಸಿ, ಕೈಯನ್ನು ಹಾಸಿಗೆಯ ಮೇಲೆ ನೆಟ್ಟಗೆ ಇಟ್ಟು ಹೋದಳು. ಕ್ಲಿಪ್ಪು ಇರುವುದರಿಂದ ಬೆರಳು ಮಡಚಲು ಬರುತ್ತಿರಲಿಲ್ಲ. ಅದು ನೇರವಾಗಿ ಮಕ್ಕಳ ಕಡೆಗಿತ್ತು. ದೊಡ್ಡವ್ವ ಕಣ್ಣು ತೆರೆದು ನೋಡಿದಳು. ಮಣಿಕಟ್ಟನ್ನು ಬಹಳ ಕಷ್ಟದಿಂದ ತಿರುಗಿಸಿ, ಕೈಯನ್ನು ಎಳೆದುಕೊಂಡು, ಬೆರಳನ್ನು ತನ್ನ ಎದೆಯ ಕಡೆಗೆ ಮಾಡಿಕೊಂಡಳು. ನರ್ಸು ಬಂದು ಮತ್ತೆ ಸರಿಮಾಡಿದಳು. ದೊಡ್ಡವ್ವ ಮತ್ತೆ ತಿರುಗಿಸಿಕೊಂಡಳು. ಹೀಗೆ ಮೂರು ಸಲ.

ನೋವಾಗುತ್ತಿದೆಯೇನೋ ಎಂದು ನಾನು ಬಗ್ಗಿ ಕೇಳಿದೆ.

"ಇತ್ತಾಗ ಇರ್ಲಿ ಬಿಡ" ಎಂದಳು. "ಹುಡುಗ್ರು ಬೆಳಿಯಾವು. ನಂದಿನ್ನೇನ ಬೆಳಿಯೂದೈತಿ."

ಪಕ್ಕದ ಸ್ಟೂಲನ್ನು ಎಳೆದುಕೊಂಡು ಅವಳ ಹತ್ತಿರ ಕೂತೆ. ಅವಳು ಏನನ್ನೂ ಬಿಟ್ಟಿರಲಿಲ್ಲ. ಆವತ್ತು ಬದುವಿನ ಮೇಲೆ ಆ ಬೆರಳನ್ನು ಬಿಚ್ಚುವಾಗ, ತೋರಿಸಿದ ಬಳ್ಳಿಯೆಲ್ಲ ಸಾಯುತ್ತದೆ ಎಂದು ಪೂರ್ತಿ ನಂಬಿಯೇ ಬಿಚ್ಚಿದ್ದಳು. ನನ್ನ ಮಕ್ಕಳಿಗೆ ತಪ್ಪು ತಿಳಿಯಬಾರದು ಎಂದು, ನಾನು ಕೇಳಿದೆನೆಂದು, ತಾನೇ ಹಚ್ಚಿದ ಎರಡು ಸಾಲನ್ನು ಕೊಟ್ಟುಬಿಟ್ಟಿದ್ದಳು. ಮೇಲಿಂದ ನನಗೆ ಹಳಹಳಿಯಾಗದಿರಲಿ ಎಂದು ಎಲ್ಲವನ್ನೂ ಮಳೆಯ ಮೇಲೆ ಹಾಕಿದ್ದಳು. ಆ ಬಳ್ಳಿ ನೀರಿನಿಂದ ಸತ್ತವೋ ಬೆರಳಿನಿಂದ ಸತ್ತವೋ, ನನ್ನ ತಲೆ ಈಗಲೂ ನೀರಿನಿಂದ ಎಂದೇ ಹೇಳುತ್ತದೆ. ಅದರಿಂದ ನನ್ನ ಸಾಲ ಒಂದಿಷ್ಟೂ ಕಡಿಮೆಯಾಗುವುದಿಲ್ಲ.

ಮೂರನೆಯ ದಿನ ಬೆಳಿಗ್ಗೆ ಅವಳು ಹೋದಳು. ಕೈ ಎದೆಯ ಮೇಲೇ ಇತ್ತು.

ದಿನಕರ್ಮ ಮುಗಿದ ಮೇಲೆ ನಾವು ತೋಟಕ್ಕೆ ಹೋದೆವು. ಈಗ ತೋಟ ನೋಡಿಕೊಳ್ಳುವವರು, ಇಷ್ಟು ವರ್ಷ ಖಾಲಿ ಬಿದ್ದಿದ್ದ ಆ ಎರಡು ಸಾಲಿನಲ್ಲಿ ಹೊಸ ಬಳ್ಳಿ ಹಚ್ಚಿದ್ದರು. ಹನ್ನೊಂದು ತುಂಬಿದ ಮಗಳು ಬದುವಿನ ಮೇಲೆ ನನ್ನ ಪಕ್ಕ ನಿಂತಿದ್ದಳು. ಹೊಸ ಬಳ್ಳಿಗಳನ್ನು ನೋಡುತ್ತ ಕೇಳಿದಳು. "ಅವ್ವಾ, ಆವತ್ತ ಕೋಟಿ ಹತ್ರ ಆಯಿಗೆ ಕಾಲ ನೋಯ್ತಿದ್ವು. ನೀನ ನಮ್ಮ ಕೂಡ ಬಂದು ಮುಟ್ಟಿ ತೋರಿಸಿದ್ರ ಆಗ್ತಿತ್ತಲ್ಲ?"

ಅವಳು ಆಡಿಕೊಳ್ಳಲು ಕೇಳಲಿಲ್ಲ, ತಿಳಿಯದೆ ಕೇಳಿದಳು. ಹತ್ತೇ ಹೆಜ್ಜೆ. ದೊಡ್ಡವ್ವ ಅದನ್ನೇ ಹೇಳಿದ್ದಳು, ಬುತ್ತಿಯ ಮುಂದೆ ಫೋನು ಹಿಡಿದು ಕೂತ ನಾನು ಎದ್ದಿರಲಿಲ್ಲ. ಐದು ವರ್ಷ ನಾನು ಅವಳ ಬೆರಳನ್ನೇ ತಪ್ಪಿತಸ್ಥ ಮಾಡಿ ಇಟ್ಟಿದ್ದೆ.

ಆಗ್ತಿತ್ತು ಎಂದೆ. ಚಪ್ಪಲಿ ಕಳಚಿಟ್ಟು, ಮಗಳ ಕೈ ಹಿಡಿದು ಸಾಲಿನೊಳಗೆ ಇಳಿದೆ. ಒಂದು ಎಳೆಯ ಬಳ್ಳಿಯ ಹತ್ತಿರ ಹೋಗಿ, ಅದರ ಕುಡಿಯನ್ನು ಮೆಲ್ಲಗೆ ಮುಟ್ಟಿ, ಇದು ಈ ವರ್ಷ ಹಚ್ಚಿದ್ದು ಎಂದು ಹೇಳಿದೆ.